ಇಪ್ಪತ್ತೊಂದು ಯೂನಿಟ್ಟಿನ ಮಹಾಪುರುಷ

"ಮೂರೇ ತಿಂಗಳು ಟೈಮ್ ಕೊಡಿ. ನಾಲ್ಕನೇ ನಂಬರ್ ಮನೆ ಕರೆಂಟ್ ಬಿಲ್ಲನ್ನ ನೂರು ಯೂನಿಟ್ಟಿನ ಒಳಗೆ ತರ್ಲಿಲ್ಲ ಅಂದ್ರೆ ನಾನು ಮೀಸೆ ಬೋಳಿಸ್ಕೋತೀನಿ!"

ನಮ್ಮ ಕಟ್ಟಡದ ನಿವಾಸಿಗಳ ಸಂಘದ ತಿಂಗಳ ಸಭೆಯಲ್ಲಿ ನಾನು ಹೀಗೆ ಘೋಷಿಸಿದೆ. ಸಭೆಯಲ್ಲಿದ್ದ ಒಂಬತ್ತು ಜನರಲ್ಲಿ ಮೂವರು ಚಪ್ಪಾಳೆ ತಟ್ಟಿದರು. ಉಳಿದವರು ಮೊಬೈಲ್ ನೋಡುತ್ತಿದ್ದರು.

"ನಿಮಗೆ ಮೀಸೆ ಎಲ್ಲಿದೆ?" ಎಂದಳು ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ.

"ಅದು ಮಾತಿಗೆ ಹೇಳಿದ್ದು."

"ಬಿಲ್ಲಿನ ವಿಷಯಾನೂ ಮಾತಿಗೇ ಹೇಳಿದ್ದಾ?"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ನನ್ನ ಯೋಗ್ಯತೆ ಹೊರಗಿನವರಿಗೆ ಗೊತ್ತಿರುವಷ್ಟು ಮನೆಯವರಿಗೆ ಗೊತ್ತಿಲ್ಲ. ನಾನು ಲೈಬ್ರರಿಯನ್. ಇಪ್ಪತ್ತಾರು ವರ್ಷದಿಂದ ಪುಸ್ತಕಗಳನ್ನು ಅವುಗಳ ಜಾಗದಲ್ಲಿ ಇಡುತ್ತಾ ಬಂದವನು. ಯಾವುದೇ ವಸ್ತು ತನ್ನ ಸಾಲಿನಲ್ಲಿ ಇಲ್ಲದಿದ್ದರೆ ನನ್ನ ಅಂಗೈ ತುರಿಸಲು ಶುರುವಾಗುತ್ತದೆ. ಮನೆಯಲ್ಲಿ ಚಪ್ಪಲಿಗಳನ್ನು ಕೂಡ ಅಳತೆಯ ಪ್ರಕಾರ ಜೋಡಿಸುತ್ತೇನೆ. ಎರಡು ವರ್ಷದ ಹಿಂದೆ ಸಂಘದ ಕಾರ್ಯದರ್ಶಿಯ ಪಟ್ಟ ನನ್ನನ್ನು ಹುಡುಕಿಕೊಂಡು ಬಂತು. ಬಂತು ಎಂದರೆ, ಬೇರೆ ಯಾರೂ ಅದಕ್ಕೆ ತಲೆ ಕೊಡಲಿಲ್ಲ. ಬಂದ ತಿಂಗಳೇ ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಯಲ್ಲಿದ್ದ ಮೀಟರ್ ಬೋರ್ಡಿಗೆ ಬಣ್ಣ ಹೊಡೆಸಿ, ಅಲ್ಲಿಗೊಂದು ಬಲ್ಬು ಹಾಕಿಸಿ, ತುಕ್ಕು ಹಿಡಿದಿದ್ದ ಮನೆ ನಂಬರಿನ ತಗಡುಗಳನ್ನು ಕಿತ್ತು ಎಸೆದೆ. ಹೊಸ ತಗಡಿನ ಮೇಲೆ ನನ್ನ ಕೈಯಾರೆ ದುಂಡಗೆ ನಂಬರ್ ಬರೆದು ಸಾಲಾಗಿ ಹೊಡೆದೆ. ಮುತ್ತು ಪೋಣಿಸಿದ ಹಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಪವಾಡ. ಅಲ್ಲಿಯವರೆಗೆ ತಿಂಗಳಿಗೆ ಇನ್ನೂರು ಯೂನಿಟ್ಟಿಗೆ ಕಡಿಮೆ ಕಂಡೇ ಇರದ ನಮ್ಮ ಮನೆಯ ಬಿಲ್ಲು ಒಮ್ಮೆಲೇ ಎಂಬತ್ತಕ್ಕೆ ಇಳಿಯಿತು. ಅಧಿಕಾರ ವಹಿಸಿಕೊಂಡ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ನಾನು ಮಿತವ್ಯಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದೆ. ಅದರ ಫಲ ಇದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೂಡಲೇ ಮೆಟ್ಟಿಲ ಬುಡದಲ್ಲಿ ಒಂದು ಕಪ್ಪು ಹಲಗೆ ತೂಗುಹಾಕಿದೆ. ಅದಕ್ಕೆ 'ಮಿತವ್ಯಯ ಫಲಕ' ಎಂದು ನಾಮಕರಣ ಮಾಡಿದೆ. ತಿಂಗಳು ತಿಂಗಳು ಆರೂ ಮನೆಯವರ ಬಿಲ್ಲು ಇಸಿದುಕೊಂಡು, ಕಡಿಮೆ ಯೂನಿಟ್ಟಿನವರು ಮೇಲೆ, ಹೆಚ್ಚಿನವರು ಕೆಳಗೆ, ಹೀಗೆ ಕ್ರಮವಾಗಿ ಬರೆಯುತ್ತಿದ್ದೆ. ಮೊದಲ ಸ್ಥಾನ ಮೂರನೇ ನಂಬರ್ ಮನೆಗೆ, ಅಂದರೆ ನಮಗೆ. ಕೊನೆಯ ಸ್ಥಾನ ನಾಲ್ಕನೇ ನಂಬರಿಗೆ. ಎರಡು ವರ್ಷದಲ್ಲಿ ಇದು ಒಂದು ತಿಂಗಳೂ ತಪ್ಪಲಿಲ್ಲ.

ನಾಲ್ಕನೇ ನಂಬರ್ ಎಂದರೆ ನಮ್ಮ ಎದುರು ಬಾಗಿಲು. ಅಲ್ಲಿರುವವರು ಟೆಲಿಫೋನ್ ಅಕ್ಕ. ಅರವತ್ತೆಂಟು ವರ್ಷ, ಒಬ್ಬರೇ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಊರಿನವರ ಮಾತನ್ನೆಲ್ಲ ಒಂದಕ್ಕೊಂದು ಜೋಡಿಸಿ ನಿವೃತ್ತರಾದವರು. ಒಬ್ಬ ಹೆಂಗಸು, ಒಂದು ಹಳೇ ಫ್ರಿಜ್ಜು, ಒಂದು ಟಿ.ವಿ., ಹಾಲ್‌ನಲ್ಲಿ ಮೇಜಿನ ಮೇಲೊಂದು ಮೀನಿನ ತೊಟ್ಟಿ. ಇಷ್ಟಕ್ಕೆ ತಿಂಗಳಿಗೆ ಇನ್ನೂರ ಹದಿನಾಲ್ಕು ಯೂನಿಟ್! ಕರೆಂಟನ್ನು ಅವರೇನು ಕುಡಿಯುತ್ತಾರಾ ಎಂದು ನನಗೆ ಚಿಂತೆಯಾಗುತ್ತಿತ್ತು. ಅವರ ಪಿಂಚಣಿಯೂ ಅಷ್ಟಕ್ಕಷ್ಟೇ. ಅದಕ್ಕೇ ಸಭೆಯಲ್ಲಿ ನನ್ನ ಇಲ್ಲದ ಮೀಸೆಯನ್ನು ಪಣಕ್ಕಿಟ್ಟದ್ದು.

ಮಾರನೇ ದಿನವೇ ಅಕ್ಕನ ಮನೆಗೆ ಹೋಗಿ ಬಿಲ್ಲನ್ನು ಮೇಜಿನ ಮೇಲೆ ಹರಡಿದೆ. ಜನಕ್ಕೆ ಬಿಲ್ಲು ಕಟ್ಟಲು ಬರುತ್ತದೆ, ಓದಲು ಬರುವುದಿಲ್ಲ. ಹಿಂದಿನ ರೀಡಿಂಗ್ ಎಂದರೇನು, ಈಗಿನ ರೀಡಿಂಗ್ ಎಂದರೇನು, ನಿಗದಿತ ಶುಲ್ಕ ಯಾಕೆ, ನೂರು ಯೂನಿಟ್ ದಾಟಿದ ಮೇಲೆ ದರ ಹೇಗೆ ಮೆಟ್ಟಿಲು ಹತ್ತುತ್ತದೆ, ಎಲ್ಲವನ್ನೂ ಸಾಲು ಸಾಲಾಗಿ ವಿವರಿಸಿದೆ. ಅಕ್ಕ ಕನ್ನಡಕ ಏರಿಸಿಕೊಂಡು ಶ್ರದ್ಧೆಯಿಂದ ಕೇಳಿದರು. ಅವರ ಹಾಗೆ ಕೇಳುವವರು ಸಿಕ್ಕರೆ ಎಂಥವನಿಗೂ ಮಾತಾಡುವ ಉಮೇದು ಬರುತ್ತದೆ.

"ಲೈಬ್ರರಿಯವರೇ, ಇಲ್ಲಿ ಎರಡನೇ ಸಾಲಲ್ಲಿ ಸಣ್ಣಕ್ಷರದಲ್ಲಿ ಉದ್ದಕ್ಕೆ ಒಂದು ನಂಬರ್ ಇದೆಯಲ್ಲ, ಅದೇನು?" ಎಂದು ಕೇಳಿದರು.

"ಅದು ಬಿಡಿ ಅಕ್ಕಾ. ಅದು ಕಂಪನಿಯವರ ಒಳಗಿನ ಲೆಕ್ಕ. ನಮಗೂ ಅದಕ್ಕೂ ಸಂಬಂಧ ಇಲ್ಲ" ಎಂದು ಮುಂದಿನ ಸಾಲಿಗೆ ಹೋದೆ.

ಆಮೇಲೆ ಔಷಧಿ ಬರೆದುಕೊಟ್ಟೆ. ಇಸ್ತ್ರಿಪೆಟ್ಟಿಗೆ ಬಂದ್, ಬಟ್ಟೆ ಮಡಿಸಿ ಹಾಸಿಗೆ ಕೆಳಗಿಟ್ಟು ಮಲಗುವುದು. ಬಿಸಿನೀರಿನ ಗೀಸರ್ ಬಂದ್. ತಣ್ಣೀರು ಸ್ನಾನದಿಂದ ರಕ್ತ ಚುರುಕಾಗುತ್ತದೆ. ಟಿ.ವಿ. ವಾರ್ತೆಗಷ್ಟೇ. ಫ್ರಿಜ್ಜಿನಲ್ಲಿ ಇರುವುದನ್ನು ತಿಂದು ಮುಗಿಸಿದ ಮೇಲೆ ಅದಕ್ಕೂ ವಿಶ್ರಾಂತಿ. ಮನೆಯಿಡೀ ಒಂದು ಹೊತ್ತಿಗೆ ಒಂದೇ ದೀಪ.

"ಮೀನಿನ ಪಂಪು?"

"ಸದ್ಯಕ್ಕೆ ಇರಲಿ" ಎಂದೆ ದೊಡ್ಡ ಮನಸ್ಸು ಮಾಡಿ.

ಅಕ್ಕ ಅಷ್ಟನ್ನೂ ಚಾಚೂ ತಪ್ಪದೆ ಪಾಲಿಸಿದರು. ನಿಯಮದ ಪುಸ್ತಕದ ಪ್ರಕಾರ ಮೂವತ್ತೊಂದು ವರ್ಷ ದುಡಿದ ಜೀವ ಅದು. ಬೆಳಿಗ್ಗೆ ಅವರ ಬಚ್ಚಲಿನಿಂದ ಮೊದಲ ಚೊಂಬು ಸುರಿದುಕೊಂಡಾಗಿನ "ಹ್ಹಾ" ಎಂಬ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನನಗೆ ಏನೋ ಸಾಧಿಸಿದ ತೃಪ್ತಿ.

ಇತ್ತ ನಮ್ಮ ಮನೆಯಲ್ಲಿ ಮಿತವ್ಯಯ ಹೇಗೆ ನಡೆದಿತ್ತು ಎಂದು ನೀವು ಕೇಳಬಾರದು. ಆದರೂ ಹೇಳುತ್ತೇನೆ. ನನ್ನ ಅತ್ತೆಗೆ ಮೊಣಕಾಲು ನೋವು. ಅವರ ಕೋಣೆಯಲ್ಲಿ ರೂಮ್ ಹೀಟರ್. ಹೀಟರ್ ಎದುರು ಅತ್ತೆ, ಅತ್ತೆಯ ಎದುರು ಟಿ.ವಿ. ಕಾಲೇಜಿಗೆ ಹೋಗುವ ಮಗಳ ಕೂದಲಿಗೆ ದಿನಕ್ಕೆರಡು ಸಲ ಬಿಸಿಗಾಳಿ ಯಂತ್ರ. ಅದೇ ತಿಂಗಳು ಹೆಂಡತಿ ಒಂದು ಓವನ್ ಬೇರೆ ತಂದಳು. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಸಂಜೆ ಮನೆಗೆ ಬಂದರೆ ಕೇಕ್ ಬೇಯಿಸಿ ಅದರ ಮೇಲೆ ಚಿತ್ರ ಬಿಡಿಸುವ ಹುಚ್ಚು ಹೊಸದಾಗಿ ಹತ್ತಿತ್ತು.

"ಇದಕ್ಕೆ ಎಷ್ಟು ಕರೆಂಟ್ ಹೋಗತ್ತೆ ಗೊತ್ತಾ?" ಎಂದು ಎಚ್ಚರಿಸಿದೆ.

"ಎಷ್ಟು ಉರಿಸಿದ್ರೂ ನಮಗೆ ಎಂಬತ್ತೇ ಬರೋದು ರೀ. ನಮ್ಮ ಮೀಟರ್ ಒಳ್ಳೇ ಮನಸ್ಸಿಂದು."

"ಮೀಟರಿನ ಮನಸ್ಸಲ್ಲ ಕಣೇ, ಮನೆ ಯಜಮಾನನ ಶಿಸ್ತು."

"ಅದೂ ಇರಬಹುದು. ಆ ಟ್ರೇ ಸ್ವಲ್ಪ ಒಳಗಿಡಿ."

ತಿಂಗಳಾಯಿತು. ಬಿಲ್ಲು ಬಂತು. ನಮ್ಮದು ಎಂಬತ್ತರಿಂದ ಐವತ್ತೊಂಬತ್ತಕ್ಕೆ ಇಳಿದಿತ್ತು. ಓವನ್ ಬಂದ ಮೇಲೆ ಬಿಲ್ಲು ಇಳಿದ ಮನೆ ಜಗತ್ತಿನಲ್ಲಿ ಇನ್ನೊಂದಿದ್ದರೆ ತೋರಿಸಿ. ಅಕ್ಕನದು ಮಾತ್ರ ಇನ್ನೂರ ನಲವತ್ತಮೂರಕ್ಕೆ ಏರಿತ್ತು.

"ತಣ್ಣೀರಲ್ಲೇ ಸ್ನಾನ ಮಾಡ್ತಿದ್ದೀನಲ್ಲ" ಎಂದರು ಅಕ್ಕ, ಸಣ್ಣ ದನಿಯಲ್ಲಿ. ಅವರಿಗೆ ನೆಗಡಿಯಾಗಿತ್ತು.

ರೋಗ ಉಲ್ಬಣಿಸಿದಾಗ ವೈದ್ಯ ಎದೆಗುಂದಬಾರದು. ಅಕ್ಕನ ಮನೆಯನ್ನು ಮೂಲೆ ಮೂಲೆ ಶೋಧಿಸಿದೆ. ಎಲ್ಲ ಸ್ವಿಚ್ಚೂ ಆರಿತ್ತು. ಉರಿಯುತ್ತಿದ್ದದ್ದು ಒಂದೇ: ಮೀನಿನ ತೊಟ್ಟಿ. ಹಗಲು ರಾತ್ರಿ ಗುಳುಗುಳು ಎನ್ನುವ ಪಂಪು, ನೀರು ಬೆಚ್ಚಗಿಡುವ ಕೊಳವೆ, ಮೇಲೊಂದು ನೀಲಿ ದೀಪ. ಒಳಗೆ ಕಿತ್ತಳೆ ಬಣ್ಣದ ಒಂದು ದಪ್ಪ ಮೀನು ಹೊಟ್ಟೆ ಮುಂದೆ ಮಾಡಿಕೊಂಡು ಓಡಾಡುತ್ತಿತ್ತು. ಅದರ ಹೆಸರು ಸಾಹುಕಾರ. ಅದರ ಹಿಂದೆ ಮುಂದೆ ಪಟ್ಟೆಪಟ್ಟೆಯ ಐದು ಬಡಕಲು ಮೀನುಗಳು. ಅವು ಗುಮಾಸ್ತರು.

"ಸಿಕ್ಕಿಬಿದ್ದ ಕಳ್ಳ" ಎಂದೆ ಸಾಹುಕಾರನ ಕಡೆ ಬೆರಳು ಮಾಡಿ. "ಅಕ್ಕಾ, ಇದನ್ನ ಕೊಟ್ಟುಬಿಡಬೇಕು."

ಅಕ್ಕ ತೊಟ್ಟಿಯ ಗಾಜಿನ ಮೇಲೆ ಕೈಯಿಟ್ಟರು. ಮೀನು ಬಂದು ಆ ಕೈಯ ಹತ್ತಿರವೇ ನಿಂತಿತು. ಒಂಬತ್ತು ವರ್ಷದಿಂದ ಸಾಕಿದ್ದಂತೆ. ದಿನವೆಲ್ಲ ಸಾವಿರ ಜನರ ದನಿ ಕೇಳಿದ ಕಿವಿಗೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ಆ ಗುಳುಗುಳು ಸದ್ದಾದರೂ ಬೇಕು ಎಂದು ತಂದದ್ದಂತೆ. ಇದನ್ನೆಲ್ಲ ಅವರು ನನಗೆ ಹೇಳಲಿಲ್ಲ. ಎಷ್ಟೋ ದಿನದ ಹಿಂದೆಯೇ ನನ್ನ ಹೆಂಡತಿಗೆ ಹೇಳಿದ್ದರು. ನನ್ನ ಹತ್ತಿರ ಇಷ್ಟೇ ಅಂದರು: "ಕೆಳಗಿನ ಬೀದಿ ಹಲ್ಲಿನ ಡಾಕ್ಟರು ಅವರ ಕ್ಲಿನಿಕ್ಕಿಗೆ ಬೇಕು ಅಂತಿದ್ರು. ಅವರನ್ನೇ ಕೇಳ್ತೀನಿ."

ಸುದ್ದಿ ಕೇಳಿ ಹೆಂಡತಿ ಸಿಡಿದಳು. "ಹಲ್ಲು ಕೀಳೋ ಜಾಗದಲ್ಲಿ ಆ ಮೀನು ಇರಬೇಕಾ? ಜನ ಕಿರುಚೋದು ಕೇಳ್ಕೊಂಡು?"

"ಮೀನಿಗೆ ಕಿವಿ ಇಲ್ಲ."

"ನಿಮಗಿದೆ. ಏನು ಪ್ರಯೋಜನ? ತೊಟ್ಟಿ ನಮ್ಮನೆಗೆ ಬರಲಿ. ನಿಮ್ಮ ಐವತ್ತೊಂಬತ್ತು ಯೂನಿಟ್ಟಿನ ಶಿಸ್ತಲ್ಲಿ ಆರು ಮೀನಿಗೆ ಜಾಗ ಇಲ್ವಾ?"

ಜಾಗವಿತ್ತು. ಔದಾರ್ಯವೂ ಇತ್ತು. ನಾನು, ನನ್ನ ಮಗಳು, ಎರಡು ಬಕೆಟ್ಟು, ಒಂದು ಜರಡಿ. ಹೀಗೆ ಭಾನುವಾರ ಬೆಳಿಗ್ಗೆ ಸಾಹುಕಾರ ಸಪರಿವಾರ ನಮ್ಮ ಹಾಲ್‌ಗೆ ದಯಮಾಡಿಸಿದ. ಅಂದಿನಿಂದ ಅಕ್ಕ ದಿನಾ ಸಂಜೆ ಐದಕ್ಕೆ ಬಂದು, ತಮ್ಮದೇ ಮೀನನ್ನು ಬೇರೆಯವರ ಮನೆಯಲ್ಲಿ ನೋಡಿಕೊಂಡು, ಆರಕ್ಕೆ ಎದ್ದು ಹೋಗುತ್ತಿದ್ದರು. ಹೋಗುವಾಗ ಪ್ರತಿ ಸಲ "ಬರ್ಲಾ?" ಎನ್ನುತ್ತಿದ್ದರು. ನಮಗಲ್ಲ, ಮೀನಿಗೆ.

ಮುಂದಿನ ಬಿಲ್ಲು ಬಂದ ದಿನ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಮ್ಮ ಮನೆ: ಇಪ್ಪತ್ತೊಂದು ಯೂನಿಟ್. ನಾಲ್ಕು ಜನ, ಆರು ಮೀನು, ಒಂದು ಓವನ್, ಒಂದು ಹೀಟರ್, ಇಪ್ಪತ್ತೊಂದು!

"ಬರೀ ಮೊಬೈಲ್ ಚಾರ್ಜಿಗೇ ಇಪ್ಪತ್ತೊಂದು ಆಗಲ್ವೇನಪ್ಪಾ?" ಎಂದಳು ಮಗಳು.

"ಸಾಧನೆ ಕಣ್ಮುಂದೆ ಇದ್ರೂ ನಂಬದಿದ್ರೆ ಅದಕ್ಕೆ ಮದ್ದಿಲ್ಲ ಮಗಳೇ."

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ" ಎಂದು ಅತ್ತೆ ಟಿ.ವಿ.ಯ ಕಡೆ ನೋಡಿಕೊಂಡೇ ಅಂದರು. ಟಿ.ವಿ.ಯಲ್ಲಿ ಬರುತ್ತಿದ್ದ ಧಾರಾವಾಹಿಯ ಬಗ್ಗೆ ಇರಬೇಕು ಎಂದುಕೊಂಡೆ.

ಆ ಬಿಲ್ಲಿನ ಫೋಟೋ ತೆಗೆದು ಲೈಬ್ರರಿಯ ಸಹೋದ್ಯೋಗಿಗಳಿಗೆಲ್ಲ ಕಳಿಸಿದೆ. ಪುಸ್ತಕ ಹಿಂತಿರುಗಿಸಲು ಬಂದವರಿಗೂ ತೋರಿಸಿದೆ. ಒಬ್ಬರು ದಂಡ ಕಟ್ಟುವುದನ್ನು ತಪ್ಪಿಸಿಕೊಳ್ಳಲು ಅದನ್ನು ಎರಡು ಸಲ ನೋಡಿ ಹೊಗಳಿದರು.

ಆದರೆ ಅಕ್ಕನದು? ಇನ್ನೂರ ಎಂಬತ್ತೊಂದು. ಮೀನಿಲ್ಲ, ಫ್ರಿಜ್ಜಿಲ್ಲ, ಗೀಸರಿಲ್ಲ, ಇನ್ನೂರ ಎಂಬತ್ತೊಂದು. ನನ್ನ ವಿಧಾನ ತಪ್ಪಿರಲು ಸಾಧ್ಯವೇ ಇರಲಿಲ್ಲ. ನಮ್ಮ ಮನೆಯೇ ಅದಕ್ಕೆ ಸಾಕ್ಷಿ. ಹಾಗಾದರೆ ಉಳಿದದ್ದು ಒಂದೇ ದಾರಿ. ಅಕ್ಕ ಕದ್ದು ಕರೆಂಟ್ ಉರಿಸುತ್ತಿದ್ದಾರೆ. ಹೇಳಲು ನಾಚಿಕೆಯಾಗುತ್ತದೆ, ನಾನು ಅವರ ಬಾಗಿಲಿಗೆ ಕಿವಿಯಿಟ್ಟು ನಿಂತದ್ದೂ ಉಂಟು. ಒಳಗೆ ಏನೂ ಸದ್ದಿರಲಿಲ್ಲ. ಸದ್ದೇ ಬಾರದಂತೆ ಕರೆಂಟ್ ಖರ್ಚು ಮಾಡುವ ಕಲೆ ಇವರಿಗೆ ಯಾರು ಕಲಿಸಿದರಪ್ಪಾ ಎಂದು ಬೆರಗಾಯಿತು.

"ಅಳಿಯಂದ್ರೇ, ಆ ಹೆಂಗಸು ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ಪೇಪರ್ ಓದತ್ತೆ. ಮನೇಲಿ ದೀಪ ಹಾಕೋಕೂ ಹೆದರತ್ತೆ" ಎಂದರು ಅತ್ತೆ.

ಮೆಟ್ಟಿಲ ದೀಪದ ಬಿಲ್ಲು ಸಂಘದ ಲೆಕ್ಕಕ್ಕೆ ಬರುತ್ತದೆ. ನಾನು ಆ ರಾತ್ರಿಯೇ ಫಲಕದ ಪಕ್ಕ ಒಂದು ಸೂಚನೆ ಅಂಟಿಸಿದೆ: 'ಮೆಟ್ಟಿಲ ದೀಪ ಇರುವುದು ಹತ್ತಲು ಮತ್ತು ಇಳಿಯಲು. ಓದಲು ಅಲ್ಲ. ಇಂತಿ, ಕಾರ್ಯದರ್ಶಿ.'

ಮಾರನೇ ಸಂಜೆ ಅಕ್ಕ ಮೀನು ನೋಡಲು ಬಂದಾಗ ಕೈಯಲ್ಲಿ ತಮ್ಮ ಮೂರು ತಿಂಗಳ ಬಿಲ್ಲೂ ಇತ್ತು. "ಲೈಬ್ರರಿಯವರೇ, ನಾನೊಂದು ವಿಷಯ ಗಮನಿಸ್ದೆ" ಎಂದು ಶುರು ಮಾಡಿದರು.

"ನಾನೂ ಗಮನಿಸಿದೀನಿ ಅಕ್ಕಾ" ಎಂದೆ. ಮನುಷ್ಯನಿಗೆ ತನ್ನ ಚಟ ತನಗೇ ಕಾಣುವುದಿಲ್ಲ, ಅದನ್ನು ಹೊರಗಿನವರು ಹೇಳಬೇಕು, ಹೇಳಿದಾಗ ಬೇಸರ ಮಾಡಿಕೊಳ್ಳಬಾರದು ಎಂಬುದನ್ನು ಉದಾಹರಣೆ ಸಹಿತ ವಿವರಿಸಿದೆ. ಗಂಟೆ ಆರಾಯಿತು. ಅಕ್ಕ ಎದ್ದು ಹೋದರು.

ಎರಡು ದಿನ ಬಿಟ್ಟು ಮೆಟ್ಟಿಲಲ್ಲಿ ಸಿಕ್ಕರು. "ಒಂದೇ ನಿಮಿಷ. ಆ ಮೀಟರಿನ—" ಎಂದರು. ಮೀಟರ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಮೀಟರ್ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಒಂದನೇ ಮಹಡಿಯಿಂದ ಗೇಟಿನವರೆಗೂ ಹೇಳುತ್ತಾ ಹೋದೆ. ಗೇಟಿನಲ್ಲಿ ನನ್ನ ಬಸ್ಸು ಬಂತು.

ತಿಂಗಳ ಸಭೆಯಲ್ಲಿ ಅವರು ಕೈಯೆತ್ತಿದರು. "ಪ್ರಶ್ನೆಗಳು ಕೊನೆಯಲ್ಲಿ" ಎಂದೆ. ಇಪ್ಪತ್ತೊಂದು ಯೂನಿಟ್ಟಿನ ಸಾಧನೆಯ ಬಗ್ಗೆ ನನ್ನ ವರದಿ ಓದುವಷ್ಟರಲ್ಲಿ ಸಭೆಯ ಸಮಯ ಮುಗಿದು, ವಂದನಾರ್ಪಣೆಯೂ ಆಗಿಹೋಯಿತು.

ಆ ಸಭೆಯಲ್ಲೇ ಎರಡನೇ ನಂಬರಿನ ಮೆಕ್ಯಾನಿಕ್ ಒಂದು ಮಾತು ಅಂದಿದ್ದ. "ಅಲ್ಲ ಸಾರ್, ಪಾಪ ಅವರು ಏನೂ ಉರಿಸ್ತಿಲ್ಲ ಅಂದ್ರೆ ಮೀಟರ್ರೇ ಕೆಟ್ಟಿರಬೇಕು." ಇದು ನನಗೆ ಹಿಡಿಸಿತು. ಅಕ್ಕನೂ ಸಭ್ಯರು, ನನ್ನ ವಿಧಾನವೂ ಸರಿ, ಕೆಟ್ಟದ್ದು ಮೀಟರ್. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸರಿ, ಕಂಪನಿಗೆ ಫೋನ್ ಮಾಡಿದೆ. ಬಿಲ್ಲಿನ ವಿಷಯಕ್ಕೆ ಒಂದು ಒತ್ತಿ, ಮೀಟರಿನ ವಿಷಯಕ್ಕೆ ಎರಡು ಒತ್ತಿ, ಹಿಂದಿನದೆಲ್ಲ ಮರೆತಿದ್ದರೆ ಒಂಬತ್ತು ಒತ್ತಿ. ಒತ್ತಿದ್ದಕ್ಕೆ ಪ್ರತಿಫಲವಾಗಿ ಅರ್ಧ ಗಂಟೆ ಪಿಟೀಲು. ಕೊನೆಗೊಬ್ಬಳು "ಹೇಳಿ ಸಾರ್, ಏನು ತೊಂದರೆ?" ಎಂದಳು.

ನಾನು ಬುಡದಿಂದಲೇ ಶುರು ಮಾಡಿದೆ. ನಮ್ಮ ಕಟ್ಟಡ ಕಟ್ಟಿದ್ದು ಯಾವಾಗ, ಸಂಘ ಹುಟ್ಟಿದ್ದು ಹೇಗೆ, ನನ್ನ ಹಿಂದಿನ ಕಾರ್ಯದರ್ಶಿ ಎಂಥ ಸೋಮಾರಿ. ಮಿತವ್ಯಯ ಫಲಕದ ಬಣ್ಣದ ಬಗ್ಗೆ ಹೇಳುತ್ತಿದ್ದಾಗ ಲೈನ್ ಕಟ್ಟಾಯಿತು.

"ನೋಡಿದ್ಯಾ ಅವರ ಗ್ರಾಹಕ ಸೇವೆ? ಜನರ ಮಾತು ಕೇಳೋ ವ್ಯವಧಾನಾನೇ ಇಲ್ಲ" ಎಂದೆ.

"ಎಷ್ಟು ಹೊತ್ತು ಕೇಳಿದ್ಲು?" ಎಂದಳು ಹೆಂಡತಿ.

"ಹದಿನೇಳು ನಿಮಿಷ."

"ಪುಣ್ಯಾತ್ಗಿತ್ತಿ. ಅವಳ ಹೊಟ್ಟೆ ತಣ್ಣಗಿರಲಿ."

ಎಂಟು ಪುಟದ ಪತ್ರ ಬರೆದು ಅಂಚೆಗೆ ಹಾಕಿದೆ. ಲೇಖನಿಯ ಶಕ್ತಿ ನೋಡಿ, ನಾಲ್ಕೇ ದಿನದಲ್ಲಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕಂಪನಿಯ ಮೀಟರ್ ಪರೀಕ್ಷಕಿ ಚೀಲ ನೇತುಹಾಕಿಕೊಂಡು ಬಂದೇಬಿಟ್ಟಳು. ಮೂವತ್ತರ ಆಸುಪಾಸಿನ, ಮಾತು ಕಡಿಮೆ ಹೆಂಗಸು. "ನನ್ನ ಪತ್ರ ತಲುಪಿತು ಅನ್ನಿ" ಎಂದೆ. ಅವಳು ಕೈಯಲ್ಲಿದ್ದ ಚೀಟಿ ನೋಡಿದಳು, ನನ್ನನ್ನು ನೋಡಿದಳು, "ಬೋರ್ಡ್ ಎಲ್ಲಿದೆ?" ಎಂದಳು.

ಇಂಥ ಗಳಿಗೆಗೆ ಸಾಕ್ಷಿಗಳು ಬೇಕು. ಆರೂ ಮನೆಯವರನ್ನು ಮೆಟ್ಟಿಲ ಬುಡಕ್ಕೆ ಕರೆಸಿದೆ. ಹೆಂಡತಿ ಒಬ್ಬಳು ಬರಲಿಲ್ಲ. ಓವನ್ನಿನಲ್ಲಿ ಕೇಕ್ ಇತ್ತು. ಅತ್ತೆಯೂ ಬರಲಿಲ್ಲ, ಧಾರಾವಾಹಿಯ ಮರುಪ್ರಸಾರವಿತ್ತು. ಅಕ್ಕ ಸೀರೆಯ ಸೆರಗು ಹೊದ್ದು ಒಂದು ಪಕ್ಕದಲ್ಲಿ ನಿಂತರು.

"ನಾಲ್ಕನೇ ಮನೆ ಮೇನ್ ಸ್ವಿಚ್ ಆಫ್ ಮಾಡಿ ಬನ್ನಿ" ಎಂದಳು ಪರೀಕ್ಷಕಿ. ನಾನೇ ಓಡಿ ಅಕ್ಕನ ಮನೆಗೆ ಹೋಗಿ, ಮೇನ್ ಸ್ವಿಚ್ ಕೆಳಗೆಳೆದು ಬಂದೆ.

ಮೀಟರಿನಲ್ಲಿ ಕರೆಂಟ್ ಓಡುತ್ತಿದ್ದರೆ ಕೆಂಪು ಚುಕ್ಕೆಯೊಂದು ಮಿಣುಕುತ್ತದೆ. ನನ್ನ ದುಂಡಗಿನ ನಾಲ್ಕರ ಕೆಳಗಿನ ಮೀಟರಿನಲ್ಲಿ ಆ ಚುಕ್ಕೆ ಮೊದಲಿನಂತೆಯೇ ಲಕಲಕ ಮಿಣುಕುತ್ತಿತ್ತು.

"ನೋಡಿ, ಎಲ್ಲರೂ ನೋಡಿ!" ಎಂದು ಕೂಗಿದೆ. "ಮನೆ ಪೂರ್ತಿ ಕತ್ತಲೆ, ಮೀಟರ್ ಮಾತ್ರ ಓಡ್ತಿದೆ. ಒಬ್ಬ ಒಂಟಿ ಹೆಂಗಸಿನ ಪಿಂಚಣಿ ನುಂಗ್ತಿರೋ ರಾಕ್ಷಸ ಇದು. ನಾನು ಬಿಡಲ್ಲ. ಅವರಿಂದ ಹೆಚ್ಚಿಗೆ ತಗೊಂಡಿದ್ದನ್ನ ತಗೊಂಡವರು ಕಕ್ಕಬೇಕು. ತಪ್ಪು ಮಾಡಿದವರು ಈ ಅಕ್ಕನ ಮುಂದೆ ನಿಂತು ಕ್ಷಮೆ ಕೇಳಬೇಕು!"

ಮೆಕ್ಯಾನಿಕ್ ಚಪ್ಪಾಳೆ ಹೊಡೆದ. ಪರೀಕ್ಷಕಿ ಮಾತ್ರ ಪಕ್ಕದ ಮೀಟರ್ ನೋಡುತ್ತಿದ್ದಳು. ನಮ್ಮ ಮೂರನೇ ನಂಬರಿನ ಕೆ‍ಳಗಿನ ಚುಕ್ಕೆ ನಿಂತುಹೋಗಿತ್ತು.

"ಮೂರನೇ ಮನೇಲಿ ಈಗ ಏನೂ ಹಾಕಿಲ್ವಾ?" ಎಂದು ಕೇಳಿದಳು.

ಮೇಲಿನಿಂದ ಧಾರಾವಾಹಿಯ ಅಳು ಕೆಳಗಿನವರೆಗೂ ಕೇಳುತ್ತಿತ್ತು. ಕೇಕಿನ ಘಮವೂ ಇಳಿದು ಬರುತ್ತಿತ್ತು. "ಸ್ವಲ್ಪ ಹಾಕಿರಬಹುದು" ಎಂದೆ.

"ಮೇನ್ ಆಫ್ ಮಾಡ್ಸಿ."

ಕೂಗಿ ಹೇಳಿದೆ. ಮೇಲೆ ಹೆಂಡತಿ ಸ್ವಿಚ್ ಎಳೆದಳು. ಧಾರಾವಾಹಿಯ ಅಳು ನಿಂತು ಅತ್ತೆಯ ಬೈಗುಳ ಶುರುವಾಯಿತು. ಅದೇ ಕ್ಷಣ ನಾಲ್ಕರ ಕೆಳಗಿನ ಕೆಂಪು ಚುಕ್ಕೆ ಆರಿತು. ಆರಿದ್ದು ಮತ್ತೆ ಮಿಣುಕಲಿಲ್ಲ.

ಪರೀಕ್ಷಕಿ ನಮ್ಮಿಬ್ಬರ ಬಿಲ್ಲನ್ನೂ ಕೇಳಿದಳು. ಎರಡನೇ ಸಾಲಿನ ಸಣ್ಣಕ್ಷರದ ಉದ್ದ ನಂಬರಿನ ಮೇಲೆ ಬೆರಳಿಟ್ಟು, ಆಮೇಲೆ ಮೀಟರಿನ ಹೊಟ್ಟೆಯ ಮೇಲಿದ್ದ ನಂಬರಿನ ಮೇಲೆ ಬೆರಳಿಟ್ಟು ಹೇಳಿದಳು. "ಇದು ಮೀಟರ್ ನಂಬರ್ ಸಾರ್. ನಾಲ್ಕು ಅಂತ ಬರೆದಿರೋದು ನಿಮ್ಮ ಮೀಟರ್. ಮೂರು ಅಂತ ಬರೆದಿರೋದು ಅವರದು. ರೀಡಿಂಗ್ ತಗೊಳ್ಳೋರು ಮೇಲಿರೋ ಮನೆ ನಂಬರ್ ನೋಡಿ ಬರ್ಕೊಂಡು ಹೋಗಿದಾರೆ. ಮೀಟರ್ ಎರಡೂ ಸರಿಯಾಗಿದೆ. ಈ ತಗಡು ಯಾರು ಹೊಡೆದಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಆ ಅವಕಾಶವೂ ಸಿಗಲಿಲ್ಲ. ಎಂಟು ಜೊತೆ ಕಣ್ಣು ಆಗಲೇ ನನ್ನ ಹೆಗಲ ಮೇಲಿದ್ದವು.

ಈಗ ನೆನಪಾಯಿತು. ಹಳೆಯ ತಗಡುಗಳು ಎಡದಿಂದ ಬಲಕ್ಕೆ ಒಂದು, ಎರಡು, ನಾಲ್ಕು, ಮೂರು, ಐದು, ಆರು ಎಂದಿದ್ದವು. ಎರಡರ ಪಕ್ಕ ನಾಲ್ಕು! ಯಾವನೋ ಎಣಿಕೆ ಬಾರದ ವೈರಿಂಗಿನವನು ಹೊಡೆದಿರಬೇಕು ಎಂದು ನಾನು ಕನಿಕರಪಟ್ಟಿದ್ದೆ. ಸಾಲು ತಪ್ಪಿ ಕೂತ ಪುಸ್ತಕವನ್ನು ಸರಿಯಾದ ಜಾಗಕ್ಕೆ ಇಡುವಂತೆ, ಒಂದು, ಎರಡು, ಮೂರು, ನಾಲ್ಕು ಎಂದು ಒಪ್ಪವಾಗಿ ಜೋಡಿಸಿದ್ದೆ. ಪುಸ್ತಕವಾದರೆ ಎಲ್ಲಿಟ್ಟರೂ ಒಳಗಿನ ಕಥೆ ಬದಲಾಗುವುದಿಲ್ಲ.

ಎಲ್ಲವೂ ಒಂದೊಂದಾಗಿ ತಲೆಗೆ ಇಳಿಯಿತು. ನನ್ನ ಎಂಬತ್ತು ಅಕ್ಕನದು. ಅವರು ತಣ್ಣೀರು ಸುರಿದುಕೊಂಡದ್ದಕ್ಕೆ ನನಗೆ ಐವತ್ತೊಂಬತ್ತು ಬಂತು. ನಮ್ಮ ಓವನ್ನಿನ ಕೇಕನ್ನು ತಿಂದವರು ನಾವು, ಅದಕ್ಕೆ ಬಿಲ್ಲು ಕಟ್ಟಿದವರು ಅವರು. ಕೊನೆಗೆ ಅವರ ಮೀನನ್ನೂ ನಾವು ಇಟ್ಟುಕೊಂಡು, ಅದರ ಬಿಲ್ಲನ್ನೂ ಅವರ ತಲೆಗೇ ಕಟ್ಟಿ, ಇಪ್ಪತ್ತೊಂದು ಯೂನಿಟ್ಟಿನ ಮಹಾಪುರುಷನಾಗಿ ನಾನು ಫೋಟೋ ಹಂಚಿದ್ದೆ. ನನ್ನ ಮಾತು ನಂಬಿ ಅರವತ್ತೆಂಟು ವರ್ಷದ ಹೆಂಗಸೊಬ್ಬರು ಕತ್ತಲಲ್ಲಿ ಕೂತಿದ್ದರು. ಮೆಟ್ಟಿಲ ದೀಪಕ್ಕೆ ಬಂದರೆ ಅಲ್ಲೂ ನನ್ನ ಸೂಚನೆ. ತಮಾಷೆ ಪಕ್ಕಕ್ಕಿಡಿ, ಆ ಹೊತ್ತಿನಲ್ಲಿ ನನಗೆ ನಿಜವಾಗಿ ಅಳು ಬಂತು.

ಮೊದಲು ಬಾಯಿ ತೆರೆದವರು ಅಕ್ಕ. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ.

"ಮೇನ್ ಸ್ವಿಚ್ ಬೇಗ ಹಾಕಿಸಿ. ಮೀನಿನ ಪಂಪ್ ನಿಂತು ಐದು ನಿಮಿಷ ಆಯ್ತು" ಎಂದರು.

ಮುಂದಿನ ಕಥೆ ಚಿಕ್ಕದು. ಅವತ್ತೇ ನಾನು ತಗಡು ಕಿತ್ತು ಬದಲಾಯಿಸಿದೆ, ಮಿತವ್ಯಯ ಫಲಕವನ್ನೂ ಇಳಿಸಿದೆ. ಎರಡು ವರ್ಷದ ಲೆಕ್ಕವನ್ನು ಕಂಪನಿಯವರು ಆ ಕಡೆಯದು ಈ ಕಡೆ ಮಾಡಿ ಸರಿಪಡಿಸಿದರು. ನಮ್ಮ ಪಾಲಿಗೆ ಬಂದ ಅಂಕಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಅದನ್ನು ಓದಿ, "ಪರವಾಗಿಲ್ಲ, ತಗೊಂಡವರು ಕಕ್ಕೋದಕ್ಕೆ ನೀವೇ ಮೇಲ್ಪಂಕ್ತಿ ಹಾಕ್ಬಿಟ್ರಿ" ಎಂದಳು.

ಆ ಭಾನುವಾರ ಸಂಜೆಯೇ ಸಾಹುಕಾರ ಮತ್ತು ಗುಮಾಸ್ತರನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ನಾವು ಮೂವರೂ ಅಕ್ಕನ ಮನೆಗೆ ಹೋದೆವು. ಹೆಂಡತಿ ಕೇಕ್ ಹಿಡಿದಿದ್ದಳು. ಮಧ್ಯದಲ್ಲಿ ಕರೆಂಟ್ ಹೋಗಿ ಅದು ಒಂದು ಕಡೆ ಕುಸಿದಿತ್ತು. ತೊಟ್ಟಿ ಹಳೆಯ ಮೇಜಿಗೆ ಬಂತು. ಪಂಪು ಗುಳುಗುಳು ಎಂದಿತು. ಅಕ್ಕ ಗಾಜಿನ ಮೇಲೆ ಕೈಯಿಟ್ಟರು, ಸಾಹುಕಾರ ಹೊಟ್ಟೆ ಹೊತ್ತು ಅಲ್ಲಿಗೇ ಬಂದ. ಒಳಗೆ ಗೀಸರಿನ ಕೆಂಪು ದೀಪ ಹತ್ತಿತ್ತು. ಮನೆಯ ಎಲ್ಲ ದೀಪಗಳೂ ಹತ್ತಿದ್ದವು.

ನಾನು ಕ್ಷಮೆ ಕೇಳಿದೆ. ಈ ಸಲ ಚಿಕ್ಕದಾಗಿಯೇ ಕೇಳಿದೆ.

"ಇರಲಿ ಬಿಡಿ" ಎಂದರು ಅಕ್ಕ ಕೇಕ್ ಕತ್ತರಿಸುತ್ತಾ. "ಎರಡು ವರ್ಷದ ಹಿಂದೆ ಬಿಲ್ಲು ಏರಿದಾಗ ದರ ಹೆಚ್ಚಾಗಿದೆ ಅಂದ್ಕೊಂಡು ಕಟ್ತಾ ಬಂದೆ. ಆದ್ರೆ ಮೀನು ಹೋದ ತಿಂಗಳೇ ಗೊತ್ತಾಯ್ತು. ಮೀನು ನಿಮ್ಮನೆಗೆ ಬಂತು, ಅದರ ಯೂನಿಟ್ಟು ನನ್ನ ಬಿಲ್ಲಿಗೆ ಬಂತು. ಎಕ್ಸ್‌ಚೇಂಜಲ್ಲಿ ಇಷ್ಟು ವರ್ಷ ಕೂತವಳಿಗೆ ಲೈನ್ ಅದಲು ಬದಲಾಗಿರೋದು ಗೊತ್ತಾಗಲ್ವಾ?"

"ಗೊತ್ತಿದ್ದೂ ನನಗ್ಯಾಕೆ ಹೇಳ್ಲಿಲ್ಲ ಅಕ್ಕಾ?"

"ಮೂರು ಸಲ ಟ್ರೈ ಮಾಡ್ದೆ. ಮೂರು ಸಲಾನೂ ಎಂಗೇಜ್ ಇತ್ತು."

ನನ್ನ ಹೆಂಡತಿ ಕೇಕ್ ಗಂಟಲಿಗೆ ಸಿಕ್ಕಿಸಿಕೊಂಡಳು. ಅಕ್ಕ ಅವಳ ಬೆನ್ನು ತಟ್ಟಿ, ನನ್ನ ತಟ್ಟೆಗೂ ಒಂದು ತುಂಡು ಹಾಕಿದರು.

"ಅದಕ್ಕೇ ಸೀದಾ ಕಂಪನಿಗೇ ಫೋನ್ ಮಾಡ್ದೆ. ನಲವತ್ತು ನಿಮಿಷ ಪಿಟೀಲು ಕೇಳಿಸಿದ್ರು. ಸುಮ್ನೆ ಜನ ಅವರನ್ನ ಬೈತಾರೆ ನೋಡಿ, ನಲವತ್ತೊಂದನೇ ನಿಮಿಷಕ್ಕೆ ಒಬ್ಬಳು ನನ್ನ ಮಾತು ಕೇಳಿಸ್ಕೊಂಡ್ಲು."